ಇರುವೆ ಬಟ್ಟಲು, 14 ಪೆಟ್ಟಿಗೆ ಮತ್ತು ಪುಟ್ಟಿಯ ಸಾಲ

"ಅಣ್ಣಾ, ಅಪ್ಪ ಇಲ್ಲದ ಮಗು ಹತ್ರ ಸಾಲದ ಲೆಕ್ಕ ಬರೆಸ್ತೀಯಲ್ಲ, ನಿಂಗೆ ಮನಸ್ಸು ಅನ್ನೋದು ಇದ್ಯಾ?"

2021ರ ದೀಪಾವಳಿ ಮುಗಿದ ಮುಂದಿನ ವಾರ ನನ್ನ ತಂಗಿ ಹಿತ್ತಲಲ್ಲಿ ನಿಂತು ಹೀಗೆ ಕೇಳಿದಳು. ಪಕ್ಕದ ಮನೆಯವರಿಗೂ ಕೇಳಿಸಿತು. ಅವರೂ ಅವಳ ಕಡೆಗೇ. ಅವತ್ತು ನಾನು ಏನೂ ಹೇಳಲಿಲ್ಲ, ಹೇಳುವಂಥದ್ದು ಇರಲೂ ಇಲ್ಲ. ಮೂರೂವರೆ ವರ್ಷ ಆದಮೇಲೆ ಈಗ ಸ್ವಲ್ಪ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೂಡಿಗೆರೆ ತಾಲ್ಲೂಕಿನವನು. ಬಣಕಲ್ ಮತ್ತು ಕೊಟ್ಟಿಗೆಹಾರದ ನಡುವೆ ರಸ್ತೆ ಬಿಟ್ಟು ಒಳಗೆ ಹೋದರೆ ನಮ್ಮ ತೋಟ, 4 ಎಕರೆ ಚಿಲ್ಲರೆ. ರೋಬಸ್ಟಾ ಜಾಸ್ತಿ, ಅರೇಬಿಕಾ ಒಂದಿಷ್ಟು, ಮರಕ್ಕೆಲ್ಲ ಮೆಣಸಿನ ಬಳ್ಳಿ. ಇವುಗಳ ನಡುವೆ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನಿನ ಪೆಟ್ಟಿಗೆ 60ಕ್ಕೂ ಮೇಲಿವೆ. ಸಕಲೇಶಪುರದ ಕಡೆಯಿಂದಲೂ ಕುಟುಂಬ (ಒಂದು ರಾಣಿಯ ಜೇನುಹುಳದ ಗುಂಪು) ಕೇಳಿಕೊಂಡು ಬರುತ್ತಾರೆ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ ಎಂದು ಗೊತ್ತು. ಹೆಚ್ಚಾಗಿ ಪೆಟ್ಟಿಗೆ ಇಟ್ಟವರೇ ಓದುತ್ತಾರೆ ಎಂದುಕೊಂಡಿದ್ದೇನೆ, ಆದರೂ ಹೊಸಬರಿಗೆ ಬೇಕಾದ ಪದವನ್ನು ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಹೇಳಹೊರಟಿರುವುದು ಅಪ್ಪನನ್ನು ಕಳೆದುಕೊಂಡ ತಂಗಿಯ ಮಗಳು ಪುಟ್ಟಿಗೆ ಜೇನು ಪೆಟ್ಟಿಗೆ ಕೊಟ್ಟ ಕಥೆ. ಎರಡು ಸಲ ಕೆಟ್ಟಿತು, ಮೂರನೇ ಸಲ ಹಿಡಿಯಿತು.

ಚಿಕ್ಕಂದಿನಲ್ಲಿ ಕಷ್ಟ ಕಂಡವರು ಗಟ್ಟಿಯಾಗುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ನಮ್ಮ ಮನೆಯಲ್ಲಿ ಒಂದೇ ಸಾವು, ಮಕ್ಕಳು ಮೂವರು. ಮೂವರದ್ದೂ ಮೂರು ದಾರಿ ಆಯಿತು.

1992ರ ಮೇ ತಿಂಗಳು. ಮರಗಸಿಗೆ (ನೆರಳು ಮರದ ಕೊಂಬೆ ಕಡಿಯಲು) ಹತ್ತಿದ ಅಪ್ಪ ಹಾಲವಾಣದ ಕೊಂಬೆ ಮುರಿದು ಬಿದ್ದ. ಹಾಲವಾಣ ಎಷ್ಟು ಮೆದು ಮರ ಎಂದು ನಿಮಗೆಲ್ಲ ಗೊತ್ತು. ಆಗ ನನಗೆ 11, ಅಣ್ಣನಿಗೆ 15, ತಂಗಿಗೆ 6. ಮನೆ ಹಿಂದೆ ಅಪ್ಪನ 14 ಪೆಟ್ಟಿಗೆ. ಅಪ್ಪ ಇದ್ದಾಗ ಪೆಟ್ಟಿಗೆ ಮುಟ್ಟಲು ನಮಗೆ ಬಿಡುತ್ತಿರಲಿಲ್ಲ. ನನಗಿದ್ದದ್ದು ಒಂದೇ ಕೆಲಸ. ಪೆಟ್ಟಿಗೆಗೆ ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ಇಟ್ಟ ತೆಂಗಿನ ಚಿಪ್ಪುಗಳಿಗೆ ನೀರು ತುಂಬುವುದು. ಒಂದು ಸ್ಟ್ಯಾಂಡಿಗೆ ನಾಲ್ಕು ಕಾಲು, ಒಟ್ಟು 56 ಚಿಪ್ಪು. ಶಾಲೆಗೆ ಹೋಗುವ ಮುಂಚೆ ಒಂದು ಸುತ್ತು.

ಅಪ್ಪ ಹೋದಮೇಲೆ 11ನೇ ದಿನದ ಕಾರ್ಯ ಮುಗಿಯುವವರೆಗೆ ಮನೆ ತುಂಬ ಜನ. ಚಿಪ್ಪಿನ ನೆನಪು ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಜನ ಹೊರಟಮೇಲೆ ಹಿಂದೆ ಹೋಗಿ ನೋಡಿದೆ. ಎಷ್ಟೋ ಚಿಪ್ಪು ಒಣಗಿದ್ದವು. ಮೂಲೆಯ ಪೆಟ್ಟಿಗೆಯ ಒಂದು ಚಿಪ್ಪಿನಲ್ಲಿ ಮಾತ್ರ ಇನ್ನೂ ಬೆರಳ ಉಗುರಿನಷ್ಟು ನೀರಿತ್ತು. ಆದರೆ ಅದರ ಮೇಲೆ ಒಂದು ಒಣಗಿದ ಎಲೆ ಬಿದ್ದು, ಚಿಪ್ಪಿನ ಅಂಚಿಗೂ ಸ್ಟ್ಯಾಂಡಿನ ಕಾಲಿಗೂ ಸಂಕ ಹಾಕಿದಂತೆ ಕೂತಿತ್ತು. ಎಲೆಯ ನಡು ನರದ ಮೇಲೆ ಇರುವೆಗಳು ಎರಡು ಸಾಲಾಗಿ ಹೋಗುತ್ತಿದ್ದವು. ಹತ್ತುವ ಸಾಲು ಬರಿಗೈ. ಇಳಿಯುವ ಸಾಲಿನ ಪ್ರತಿಯೊಂದರ ಬಾಯಲ್ಲೂ ಬಿಳಿ ಚೂರು. ಹುಳಮರಿ ಅದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಎಲೆಯನ್ನು ತೆಗೆದು ಬಿಸಾಕಿದೆ. ಅಷ್ಟರಲ್ಲಿ ತಡವಾಗಿತ್ತು. ಅದೇ ವಾರ ಎರಡು ಪೆಟ್ಟಿಗೆಯ ಹುಳ ಗೂಡು ಬಿಟ್ಟು ಪರಾರಿ.

ಅಪ್ಪನ ಹುಳವನ್ನು ನಾನೇ ಓಡಿಸಿದೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾರಿಗೂ ಹೇಳಲಿಲ್ಲ. ರಾತ್ರಿ ಟಾರ್ಚ್ ಹಿಡಿದು ಚಿಪ್ಪಿಗೆ ನೀರು ತುಂಬುವಾಗ ಅವ್ವ ನೋಡಿದಳು. ಬೈಯಲಿಲ್ಲ, ಸಮಾಧಾನ ಮಾಡಲೂ ಇಲ್ಲ. ಮರುದಿನ ಬೆಳಿಗ್ಗೆ ಹಿಂಬಾಗಿಲ ಹತ್ತಿರ ಒಂದು ಅಲ್ಯೂಮಿನಿಯಂ ಚೊಂಬು ಇಟ್ಟು, "ಇದು ನಿಂದು. ನೀರಿಂದು ನೀನು ನೋಡ್ಕೋ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದಳು. ಸಂಜೆ ಹಾಲು ಕರೆದು ಬರುವಾಗ ದಿನಾ ಒಂದೇ ಪ್ರಶ್ನೆ: "ಎಷ್ಟು ಚಿಪ್ಪು?" ನಾನು ಲೆಕ್ಕ ಹೇಳಬೇಕು.

ಅಣ್ಣನ ಕಥೆ ಬೇರೆ. ಕಾರ್ಯದ ದಿನ ಹಿರಿಯರೆಲ್ಲ ಸೇರಿ ಅವನನ್ನು ಚಾಪೆ ಮೇಲೆ ಕೂರಿಸಿ, "ಇನ್ನು ನೀನೇ ಮನೆ ಯಜಮಾನ, ಅವ್ವನನ್ನ, ತಮ್ಮ ತಂಗಿಯನ್ನ ನೋಡ್ಕೋ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಜೊತೆಗೆ ಸಾಲದ ಚೀಟಿಗಳನ್ನೂ ಅವನ ಕೈಗೇ ಕೊಟ್ಟರು, 38 ಸಾವಿರವೋ 40 ಸಾವಿರವೋ. ಮೀಸೆ ಬಾರದ ಹುಡುಗ. ಎರಡು ವರ್ಷ ಏನೇನೋ ಒದ್ದಾಡಿ 17ಕ್ಕೆ ಬೆಂಗಳೂರಿಗೆ ಹೋದವನು 8 ವರ್ಷ ಊರಿಗೆ ಬರಲಿಲ್ಲ. ಊರವರು ಅವನಿಗೆ ಜವಾಬ್ದಾರಿ ಇಲ್ಲ ಎಂದರು, ನನ್ನನ್ನು ಹೊಗಳಿದರು. ನನಗೆ ಇವತ್ತಿಗೂ ಅದು ಸರಿ ಕಾಣುವುದಿಲ್ಲ. ಅವನಿಗೆ ಇಡೀ ಮನೆ ಹೊರಿಸಿದರು, ನನಗೆ ಒಂದು ಚೊಂಬು ಸಿಕ್ಕಿತು. ವ್ಯತ್ಯಾಸ ಅಷ್ಟೇ. ತಂಗಿಗೆ ಚಿಕ್ಕವಳು ಎಂದು ಏನೂ ಕೊಡಲಿಲ್ಲ. ಈಗಲೂ ಅವಳು ಹೇಳುವುದು, "ನಂಗೆ ಆವಾಗಿಂದು ಏನೂ ನೆನಪಿಲ್ಲ ಅಣ್ಣ, ಬರೀ ಕಾಯ್ತಿದ್ದಿದ್ದು ನೆನಪಿದೆ."

ಪೆಟ್ಟಿಗೆ ಕಥೆಗೆ ಬರುತ್ತೇನೆ. ಉಳಿದದ್ದು 12. ಆ ಮಳೆಗಾಲ ನಾನು ಮಾಡಿದ ತಪ್ಪು ಹೇಳಿದರೆ ನೀವು ತಲೆ ಚಚ್ಚಿಕೊಳ್ಳುತ್ತೀರಿ. ಆಷಾಢದಲ್ಲಿ ನಮ್ಮ ಕಡೆ ಮಳೆ ಹಿಡಿದರೆ ಹುಳ ವಾರಗಟ್ಟಲೆ ಹೊರಗೆ ಹೋಗುವುದಿಲ್ಲ, ಪಾಕ ಕೊಡಲೇಬೇಕು. ಅಪ್ಪ ಸಕ್ಕರೆ ಪಾಕ ಕೊಡುವುದು ನೋಡಿದ್ದೆ. ಮನೆಯಲ್ಲಿ ರೇಷನ್ ಸಕ್ಕರೆ ಬಿಟ್ಟರೆ ಬೇರೆ ಇಲ್ಲ. ಸಿಹಿ ಅಂದರೆ ಸಿಹಿ ತಾನೆ ಎಂದುಕೊಂಡು ಬೆಲ್ಲದ ಪಾಕ ಮಾಡಿ ಇಟ್ಟೆ. ಹತ್ತು ದಿನದಲ್ಲಿ ಬಾಗಿಲ ಮುಂದೆಲ್ಲ ಕಂದು ಗೆರೆ, ಹುಳಕ್ಕೆ ಭೇದಿ. ಮೂರು ಕುಟುಂಬ ಹೋದವು. ಆಮೇಲೆ ಅವ್ವ ರೇಷನ್ ಸಕ್ಕರೆಯನ್ನು ಹುಳಕ್ಕೆ ಕೊಟ್ಟು ನಮಗೆ ಬೆಲ್ಲದ ಕಾಫಿ ಮಾಡಿದಳು. ಹುಳಕ್ಕೆ ಆಗದ ಬೆಲ್ಲ ನಮಗೆ ಚೆನ್ನಾಗೇ ಆಯಿತು.

ಉಳಿದ 9ಕ್ಕೆ ಥಾಯ್ ಸ್ಯಾಕ್‌ಬ್ರೂಡ್ ಎಂಬ, ಜೇನಿನ ಮರಿ ಕೊಲ್ಲುವ ರೋಗ ಬಂತು. 1991-92ರಲ್ಲಿ ಆ ರೋಗ ದಕ್ಷಿಣದ ಕಡೆ ಬಂದು ತುಡುವೆಯನ್ನು ಹೇಗೆ ಗುಡಿಸಿ ಹಾಕಿತು ಎಂದು ಹಳಬರಿಗೆ ಗೊತ್ತು. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಹೋಯಿತು ಎನ್ನುತ್ತಾರೆ. ಮರಿ ಅಂಗಾತ ಮಲಗಿ ತಲೆ ಮೇಲೆತ್ತಿ ಪುಟ್ಟ ದೋಣಿಯಂತೆ ಸತ್ತಿರುತ್ತಿತ್ತು. ಕಡ್ಡಿಯಲ್ಲಿ ಎತ್ತಿದರೆ ನೀರಿನ ಚೀಲದಂತೆ ಬರುತ್ತಿತ್ತು. ಮದ್ದಿಲ್ಲ ಎಂದು ಆಮೇಲೆ ತಿಳಿಯಿತು, ವೈರಸ್ ತಾನೆ. ನಾನು ಅರಿಸಿನ ನೀರು ಹಾಕಿದೆ, ಓಮದ ಹೊಗೆ ಹಾಕಿದೆ, ಕೊಟ್ಟಿಗೆಹಾರದಲ್ಲಿ ಯಾರೋ ಹೇಳಿದ ಕಷಾಯವನ್ನೂ ಹಾಕಿದೆ. 1993ರ ಕಾಫಿ ಹೂವಿನ ಹೊತ್ತಿಗೆ ಉಳಿದದ್ದು ಒಂದೇ ಪೆಟ್ಟಿಗೆ. ನಾನು ಉಳಿಸಿದ್ದಲ್ಲ, ಅದಾಗೇ ಉಳಿದದ್ದು. ಆ ಕುಟುಂಬದಲ್ಲೇ ಏನೋ ಇತ್ತು. ಇವತ್ತು ನನ್ನ ಹತ್ತಿರ ಇರುವುದರಲ್ಲಿ ಹೆಚ್ಚಿನವು ಅದೇ ಕುಟುಂಬವನ್ನು ಒಡೆದು ಮಾಡಿದ ಪಾಲಿನ ಪಾಲು.

ಆ ಪೆಟ್ಟಿಗೆಯ ಮುಚ್ಚಳ ಇನ್ನೂ ಇಟ್ಟಿದ್ದೇನೆ. ಅಪ್ಪನಿಗೆ ಪುಸ್ತಕದಲ್ಲಿ ಬರೆಯುವ ಅಭ್ಯಾಸ ಇರಲಿಲ್ಲ. ಪೆಟ್ಟಿಗೆ ನೋಡಿದ ದಿನ ಎಷ್ಟು ಎರಿ (ಹುಳ ಕಟ್ಟಿದ ಮೇಣದ ಹಲ್ಲೆ) ಇದೆ ಎಂದೆಲ್ಲ ಮುಚ್ಚಳದ ಒಳಮೈಮೇಲೆ ಪೆನ್ಸಿಲ್‌ನಲ್ಲಿ ಗೀಚುತ್ತಿದ್ದ. "ಕಾಫಿ ಹೂ. ಎರಿ 6. ರಾಣಿ ಕಂಡೆ." ಅದರ ಕೆಳಗೆ ದಪ್ಪ ದಪ್ಪ ಅಕ್ಷರದಲ್ಲಿ ನನ್ನದು ಶುರು: "ಎರಿ 4. ಅಪ್ಪ ಇಲ್ಲ." ಆಮೇಲಿನದ್ದೆಲ್ಲ ಬರೀ ಎರಿ ಲೆಕ್ಕ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಮನೆ ಸಾಲ ತೀರಿದ್ದು ನನ್ನ ಜಾಣತನದಿಂದಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ವಿಪರೀತ ಚಳಿ ಬಿದ್ದು ಕಾಫಿ ಗಿಡ ಸುಟ್ಟುಹೋಯಿತು, ಇಲ್ಲಿ ರೇಟು ಏರಿತು, ಅವ್ವ ಚೀಟಿ ಹರಿದಳು. ಜೇನಿನಿಂದ ಆ ವರ್ಷ ಬಂದದ್ದು ಹೆಚ್ಚೆಂದರೆ ಇನ್ನೂರು ರೂಪಾಯಿ. ಆದರೂ ಊರಲ್ಲಿ "ಹುಡುಗ ಜೇನು ಸಾಕಿ ಮನೆ ನಿಲ್ಲಿಸಿದ" ಎಂದು ಕಥೆಯಾಯಿತು. ನಾನೂ ತಿದ್ದಲು ಹೋಗಲಿಲ್ಲ.

ಇಷ್ಟೆಲ್ಲ ಮರೆತೇಹೋಗಿತ್ತು. 2021ರ ಮೇನಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ ತಂಗಿಯ ಗಂಡ ಹೋದ. ಆಸ್ಪತ್ರೆಗೆ ನಡೆದುಕೊಂಡೇ ಹೋದವನು ವಾಪಸ್ ಬರಲಿಲ್ಲ. ಮಗಳು ಅಪ್ಪನ ಮುಖ ನೋಡಲಿಲ್ಲ. ಆಗ ಪುಟ್ಟಿಗೆ 9. ತಂಗಿ ಅವಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದಳು.

ಪುಟ್ಟಿ ಅಳಲಿಲ್ಲ. ಒಂದು ದಿನವೂ ಅಳಲಿಲ್ಲ. ಊಟ ಮಾಡುತ್ತಿದ್ದಳು, ಕರೆದರೆ ಬರುತ್ತಿದ್ದಳು, ಕೇಳಿದರೆ ಹೂಂ ಎನ್ನುತ್ತಿದ್ದಳು. ಶಾಲೆ ಮುಚ್ಚಿತ್ತು. ಮೊಬೈಲಿನಲ್ಲಿ ಕ್ಲಾಸು ಎಂದು ನೆಪ, ನೆಟ್‌ವರ್ಕ್ ಗುಡ್ಡ ಹತ್ತಿದರೆ ಮಾತ್ರ. ಡಾಕ್ಟರಿಗೂ ತೋರಿಸಿದೆವು. ಊಟ ನಿದ್ದೆ ಸರಿ ಇದೆ, ಒಂಟಿ ಬಿಡಬೇಡಿ, ಅಪ್ಪನ ವಿಷಯ ಮುಚ್ಚಿಡಬೇಡಿ ಎಂದರು. ನಿಮ್ಮ ಮನೆಯ ಮಗು ಊಟ ನಿದ್ದೆ ಬಿಟ್ಟಿದ್ದರೆ ನನ್ನ ಪದ್ಧತಿ ಹಿಡಿದುಕೊಂಡು ಕೂರಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ. ಈಗ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಸೈಕಲ್ ತಂದೆ, 6,500 ರೂಪಾಯಿ. ಅದು ಕಣದ ಗೋಡೆಗೆ ಒರಗಿ ತುಕ್ಕು ಹಿಡಿಯಿತು. ನಾಯಿಮರಿ ತಂದೆ. ಅದು ಅವ್ವನ ಹಿಂದೆ ಹೋಯಿತು. ಒಂದು ದಿನ ಚಿಪ್ಪಿಗೆ ನೀರು ಹಾಕುವಾಗ ಪುಟ್ಟಿ ಹಿಂದೆ ಬಂದು ನಿಂತಳು. "ಮಾವ, ಒಂದು ದಿನ ಹಾಕದಿದ್ರೆ ಏನಾಗುತ್ತೆ?" ಎಂದಳು. ಐದು ತಿಂಗಳಲ್ಲಿ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು. ಎಲೆಯ ಕಥೆ ಹೇಳಿದೆ. ಎರಡು ಪೆಟ್ಟಿಗೆ ಓಡಿದ್ದನ್ನೂ ಹೇಳಿದೆ. 29 ವರ್ಷದಲ್ಲಿ ಯಾರಿಗೂ ಹೇಳದೆ ಇದ್ದದ್ದು.

ದೀಪಾವಳಿ ಕಳೆದಮೇಲೆ ಅವಳಿಗೆ ಒಂದು ಪೆಟ್ಟಿಗೆ ಕೊಟ್ಟೆ. ಪುಕ್ಕಟೆ ಅಲ್ಲ, ಸಾಲ. ಪೆಟ್ಟಿಗೆಗೆ 1,400, ಕುಟುಂಬಕ್ಕೆ 1,800. ಸಕ್ಕರೆ ಬೇಕಾದರೆ ಅಂಗಡಿ ರೇಟಿಗೆ. ಬಡ್ಡಿ ಇಲ್ಲ. ಜೇನು ಬಂದಮೇಲೆ ತೀರಿಸುವುದು. ಮೂರೇ ಕಟ್ಟಳೆ ಹಾಕಿದೆ. ಭಾನುವಾರ ಹತ್ತು ಗಂಟೆಗೆ ಪೆಟ್ಟಿಗೆ ನೋಡಬೇಕು. ಕಂಡದ್ದನ್ನು ಮುಚ್ಚಳದ ಒಳಗೆ ಬರೆಯಬೇಕು. ಅವಳು ಕರೆಯದೆ ನಾನು ಆ ಪೆಟ್ಟಿಗೆ ಮುಟ್ಟಬಾರದು. ತಂಗಿ ಕೂಗಾಡಿದ್ದು ಈ ಸಾಲದ ವಿಷಯಕ್ಕೇ. ಜೇನು ಸಾಕುವ ನನ್ನ ಸ್ನೇಹಿತರೊಬ್ಬರೂ, "ಮಗುಗೆ ಆಟ ಬೇಕು ಮಾರಾಯ, ಲೆಕ್ಕ ಅಲ್ಲ" ಎಂದರು. ಶಾಲೆಯ ಮೇಷ್ಟ್ರೊಬ್ಬರು ಚುಚ್ಚುವ ಹುಳದ ಬದಲು ಮೀನಿನ ತೊಟ್ಟಿ ಕೊಡಿ ಎಂದರು. ಯಾಕೆ ಸಾಲ ಎಂದು ಅವರಿಗೆ ಹೇಳಲು ನನಗೆ ಬರಲಿಲ್ಲ. ಪುಕ್ಕಟೆ ಸೈಕಲ್ ಗೋಡೆಗೆ ಒರಗಿತ್ತು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಮೊದಲ ಭಾನುವಾರ ಪೆಟ್ಟಿಗೆ ತೆರೆಯುವ ಮುಂಚೆ ಅವಳಿಗೆ ಒಂದು ಮಾತು ಹೇಳಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮಗುವಿಗೆ ನಿಮ್ಮದೇ ಮಾತು ಬೇಕು.

ಮೊದಲ ಸೋಲು ನನ್ನಿಂದಲೇ. ಜನವರಿಯ ಹೊತ್ತಿಗೆ ಅವಳ ಕುಟುಂಬ ಸ್ವಲ್ಪ ಸೊರಗಿತು. ಎರಿ 5 ಇದ್ದದ್ದು 4ಕ್ಕೆ ಇಳಿಯಿತು. ನನಗೆ ತಡೆಯಲಾಗಲಿಲ್ಲ. ಅವಳು ಶಾಲೆಗೆ ಹೋದಾಗ ನನ್ನ ಬಲವಾದ ಪೆಟ್ಟಿಗೆಯಿಂದ ಮರಿ ತುಂಬಿದ ಒಂದು ಎರಿಯನ್ನು ಹುಳದ ಸಮೇತ ತಂದು ಅವಳ ಪೆಟ್ಟಿಗೆಗೆ ಸೇರಿಸಿದೆ. ಭಾನುವಾರ ಅವಳು ಮುಚ್ಚಳ ಎತ್ತಿ, ಬರೆದದ್ದು ನೋಡಿ, ಎಣಿಸಿದಳು. ಮತ್ತೆ ಎಣಿಸಿದಳು. ನನ್ನ ಎರಿ ಚೌಕಟ್ಟುಗಳ ತಲೆಗೆ ನೀಲಿ ಬಣ್ಣದ ಬೊಟ್ಟು ಇರುತ್ತದೆ, ಅದನ್ನು ಅಳಿಸಲು ನನಗೆ ನೆನಪಿರಲಿಲ್ಲ. ಅವಳು ಬೆರಳಿಟ್ಟು ನೋಡಿದಳು. ಮುಚ್ಚಳ ಹಾಕಿ ಹೇಳಿದ್ದು ಇಷ್ಟೇ: "ಮಾವ, ಇದು ನಿನ್ನ ಪೆಟ್ಟಿಗೆ. ನೀನೇ ನೋಡ್ಕೋ."

ಮೂರು ಭಾನುವಾರ ಆ ಕಡೆ ಹೋಗಲಿಲ್ಲ. ನಾಲ್ಕನೆಯದಕ್ಕೆ ನಾನೇ ಹೋಗಿ ತಪ್ಪಾಯ್ತು ಎಂದೆ. ಅವಳು ಯೋಚನೆ ಮಾಡಿ, ಒಂದು ಎರಿಗೆ ಎಷ್ಟು ಎಂದು ಕೇಳಿದಳು. 150 ಎಂದೆ. ಸಾಲಕ್ಕೆ ಸೇರಿಸಿ ಬರೆದುಕೊಂಡಳು. ಆಮೇಲೆ ಪೆಟ್ಟಿಗೆ ಮತ್ತೆ ಅವಳದ್ದಾಯಿತು. ಸಹಾಯ ಮಾಡುವವರ ಕೈ ಕಟ್ಟಿಹಾಕುವುದೇ ಇದರಲ್ಲಿ ಕಷ್ಟದ ಕೆಲಸ. ಹುಳದ ಕೆಲಸ ಸುಲಭ.

ಎರಡನೇ ಸೋಲು 2022ರ ಜುಲೈನಲ್ಲಿ. ಆ ವರ್ಷ ಮಳೆ ಹೇಗೆ ಹೊಡೆಯಿತು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಎರಡು ಭಾನುವಾರ ಪೆಟ್ಟಿಗೆ ತೆರೆಯಲು ಆಗಲಿಲ್ಲ, ಮೂರನೆಯದಕ್ಕೆ ಅವಳಿಗೆ ಜ್ವರ. ಪಾಕವೂ ತಪ್ಪಿತು. ನಾನು ದೂರದಿಂದ ನೋಡುತ್ತಿದ್ದೆ. ಬಾಗಿಲಲ್ಲಿ ಹುಳದ ಓಡಾಟ ಕಡಿಮೆಯಾದದ್ದು ಗೊತ್ತಾಗುತ್ತಿತ್ತು. ಹೇಳಲಿಲ್ಲ. ಇದನ್ನು ಓದಿ ಬೈಯುವವರು ಬೈಯಿರಿ, ನಾನೇ ನನ್ನನ್ನು ಬೈದುಕೊಂಡಿದ್ದೇನೆ.

ನಾಲ್ಕನೇ ಭಾನುವಾರ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೋದಳು. ಮುಚ್ಚಳ ಎತ್ತಿದರೆ ಎರಿಗಳ ಮೇಲೆಲ್ಲ ಮೇಣದ ಹುಳುವಿನ ಬಲೆ, ಸಾಸಿವೆಯಂಥ ಕಪ್ಪು ಹಿಕ್ಕೆ. ಅಡಿಮಣೆ (ಪೆಟ್ಟಿಗೆಯ ತಳದ ಹಲಗೆ) ಮೇಲೆ ಒಂದು ಹಿಡಿ ಸತ್ತ ಹುಳ. ಬದುಕಿದ್ದ ಒಂದೇ ಒಂದು ಹುಳ ಖಾಲಿ ಎರಿಯ ಅಂಚಿನಲ್ಲಿ ಮೇಲೆ ಕೆಳಗೆ ನಡೆದಾಡುತ್ತಿತ್ತು. ಪುಟ್ಟಿ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಳಲು ಶುರು ಮಾಡಿದಳು. ಕೊಪ್ಪೆಯ ಮೇಲೆ ಮಳೆ ಸದ್ದು, ಒಳಗೆ ಅವಳ ಸದ್ದು. ಮುಕ್ಕಾಲು ಗಂಟೆಗೂ ಜಾಸ್ತಿ. ನಡುವೆ ಒಮ್ಮೆ "ನಾನು ನೋಡ್ಲೇ ಇಲ್ಲ" ಎಂದಳು. ಹುಳದ ಮಾತೋ, ಅಪ್ಪನ ಮಾತೋ, ನಾನು ಕೇಳಲಿಲ್ಲ. ಪಕ್ಕದಲ್ಲಿ ಕೂತಿದ್ದೆ ಅಷ್ಟೆ. 14 ತಿಂಗಳ ಮೇಲೆ ಅತ್ತದ್ದು.

ತಂಗಿ ಓಡಿ ಬಂದು, "ಈಗ್ಲೇ ಬೇರೆ ತಂದುಕೊಡು" ಎಂದಳು. ಅವತ್ತು ನನ್ನ ಹತ್ತಿರ 50 ಚಿಲ್ಲರೆ ಪೆಟ್ಟಿಗೆ ತುಂಬಿ ನಿಂತಿದ್ದವು. ಒಂದು ಎತ್ತಿಟ್ಟರೆ ಮುಗಿಯಿತು. ಕೊಡಲಿಲ್ಲ. ಒಂದು ವಾರ ಮನೆಯಲ್ಲಿ ಯಾರೂ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, 2019ರ ಆಗಸ್ಟ್ ಮಳೆಯಲ್ಲಿ ಧರೆ ಕುಸಿದು 11 ಪೆಟ್ಟಿಗೆ ಮಣ್ಣಡಿ ಹೋದಾಗ ಸಮಾಧಾನ ಹೇಳಿದ ಅವ್ವ ಕೂಡ. ನಾನೂ ರಾತ್ರಿ ಮಗ್ಗುಲು ಬದಲಿಸಿದೆ. ನನ್ನ ಹುಚ್ಚಿಗೆ ಒಂದು ಮಗುವನ್ನು ಬಲಿ ಕೊಟ್ಟೆನಾ ಎಂದು.

ಎಂಟು ದಿನ ಬಿಟ್ಟು ಬೆಳಿಗ್ಗೆ ಹಿಂದೆ ಹೋದರೆ ಖಾಲಿ ಪೆಟ್ಟಿಗೆಯ ನಾಲ್ಕು ಚಿಪ್ಪೂ ತುಂಬಿದ್ದವು. ಮಳೆ ನೀರು ಎಂದುಕೊಂಡೆ. ಆದರೆ ಎಲೆ ಕಸ ಏನೂ ಇಲ್ಲ, ಶುದ್ಧ ನೀರು. ಅವಳು ದಿನಾ ಹಳೆ ನೀರು ಚೆಲ್ಲಿ ಹೊಸ ನೀರು ಹಾಕುತ್ತಿದ್ದಳು. ಕೆಟ್ಟ ಎರಿ ತೆಗೆದು ಸುಟ್ಟಿದ್ದಳು. ಪೆಟ್ಟಿಗೆಯನ್ನು ತಿಕ್ಕಿ ಬಿಸಿಲು ಬಂದಾಗೆಲ್ಲ ಬೋರಲು ಹಾಕುತ್ತಿದ್ದಳು. ನಾನು ಯಾರಿಗೂ ಹೇಳಲಿಲ್ಲ, ತಂಗಿಗೂ.

ಆ ವರ್ಷ ಸೆಪ್ಟೆಂಬರ್‌ನಲ್ಲಿ ಚಂದ್ರದ್ರೋಣ ಬೆಟ್ಟದ ಸಾಲಲ್ಲಿ ಕುರಿಂಜಿ ಅರಳಿತ್ತು, ಗುಡ್ಡವೆಲ್ಲ ನೀಲಿ. ಪುಟ್ಟಿಯನ್ನು ಕರೆದುಕೊಂಡು ಹೋದೆ. ಜನ ಫೋಟೋ ತೆಗೆಯುತ್ತಿದ್ದರೆ ಇವಳು ಕುಕ್ಕರುಗಾಲಲ್ಲಿ ಕೂತು ಹೂವಿನ ಮೇಲಿನ ಹುಳ ಎಣಿಸುತ್ತಿದ್ದಳು. 12 ವರ್ಷಕ್ಕೊಮ್ಮೆ ಎಂದೆ. "ಮುಂದಿನ ಸಲ ನಂಗೆ 22. ಅಜ್ಜಿ ಇರ್ತಾಳಾ?" ಎಂದಳು. ಗೊತ್ತಿಲ್ಲ ಎಂದೆ. ಹೂಂ ಎಂದು ಮತ್ತೆ ಎಣಿಸಲು ಕೂತಳು. ಬರುವಾಗ ಕೊಟ್ಟಿಗೆಹಾರದ ತನಕ ಹೋಗಿ ನೀರುದೋಸೆ ತಿಂದೆವು. ಅವಳು ಒಂಬತ್ತು, ನಾನು ಏಳು.

ಅಕ್ಟೋಬರ್‌ನಲ್ಲಿ ಅವಳೇ ಬಂದು, "ಕುಟುಂಬಕ್ಕೆ ಈಗ್ಲೂ 1,800ನಾ?" ಎಂದು ಕೇಳಿದಳು. ಹೌದು ಎಂದೆ. ಹಳೆಯದು ಬಿಟ್ಟುಬಿಡಲಾ ಎಂದೆ. ಬೇಡ ಎಂದಳು. ಒಟ್ಟು ಸಾಲ ಐದೂವರೆ ಸಾವಿರದ ಹತ್ತಿರ ಹೋಯಿತು.

ಮೂರನೇ ಸಲಕ್ಕೆ ಅವಳು ನನಗಿಂತ ಗಟ್ಟಿ ಇದ್ದಳು. ಮಳೆಗಾಲಕ್ಕೆ ಮುಂಚೆ ಹುಳ ಕೂರದ ಎರಿಗಳನ್ನೆಲ್ಲ ತೆಗೆದು ಕುಟುಂಬವನ್ನು ಇಕ್ಕಟ್ಟು ಮಾಡಿದಳು. ಮಳೆಯಲ್ಲಿ ಬಾಗಿಲು ಕಿರಿದು ಮಾಡಿದಳು. ಜ್ವರ ಬಂದರೆ ಯಾರು ಪಾಕ ಹಾಕುವುದು ಎಂದು ಮೊದಲೇ ಅಜ್ಜಿಗೆ ಒಪ್ಪಿಸಿದ್ದಳು, ಒಂದು ಸಲಕ್ಕೆ 5 ರೂಪಾಯಿ ಕೂಲಿ. ಅವ್ವ ಆ ಕೂಲಿಯನ್ನು ಕೇಳಿ ಕೇಳಿ ವಸೂಲು ಮಾಡಿದಳು. 2023ರಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಸರಿಯಾಗಿ ಬೀಳಲಿಲ್ಲ, ನಾಲ್ಕೂವರೆ ಕೆಜಿ ಬಂತು. 600ರಂತೆ ಮಾರಿದಳು. ಅದೇ ವರ್ಷ ಪಾಲು ಮಾಡಲು ಹೋಗಿ ಒಂದರಲ್ಲಿ ಹೊಸ ರಾಣಿ ಗಂಡು ಹುಳದ ಜೊತೆ ಕೂಡಲು ಹೋದದ್ದು ವಾಪಸ್ ಬರಲಿಲ್ಲ, ಕೆಲಸಗಾರ ಹುಳಗಳೇ ಮೊಟ್ಟೆ ಇಡಲು ಶುರು ಮಾಡಿದವು. ಅಳಲಿಲ್ಲ. ನಡುವೆ ಪೇಪರ್ ಹಾಕಿ ಬೇರೆ ಕುಟುಂಬಕ್ಕೆ ಸೇರಿಸಿದಳು, ಮುಚ್ಚಳದಲ್ಲಿ "ತಡ ಮಾಡಿದೆ" ಎಂದು ಬರೆದಳು. 2024ರಲ್ಲಿ ಮೂರು ಪೆಟ್ಟಿಗೆಯಿಂದ 17 ಕೆಜಿ. ಸಾಲ ಪೂರ್ತಿ ತೀರಿತು. ತೀರಿದ ದಿನ ಸೈಕಲ್‌ಗೆ ಟ್ಯೂಬ್ ಹಾಕಿಸಿಕೊಂಡಳು.

ಇದನ್ನು ನೋಡಿ ನನಗೆ ತಲೆ ತಿರುಗಿತು. ಎಲ್ಲ ಮಕ್ಕಳಿಗೂ ಜೇನೇ ಮದ್ದು ಎಂದುಕೊಂಡೆ. ಪಕ್ಕದ ಎಸ್ಟೇಟಿನ ಲೈನ್ ಮನೆಯ (ಕೂಲಿಯವರ ಸಾಲು ಮನೆಯ) ಒಬ್ಬ ಹುಡುಗ, ತಾಯಿ ತೀರಿಕೊಂಡಿದ್ದಳು. ಅವನಿಗೂ ಒಂದು ಪೆಟ್ಟಿಗೆ ಕೊಟ್ಟೆ. ಮೊದಲ ದಿನವೇ ಕಣ್ಣ ರೆಪ್ಪೆಗೆ ಕಚ್ಚಿತು, ಮುಖ ಊದಿಕೊಂಡಿತು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವನ ಅಪ್ಪನ ಹತ್ತಿರ ನಾನು ಬೈಸಿಕೊಂಡೆ. ಆಮೇಲೆ ಅವನೇ ಮೆಣಸಿನ ಬಳ್ಳಿ ಕಟ್ಟುವ ಕಡೆ ಸುಳಿದಾಡುವುದು ನೋಡಿ 200 ಪ್ಲಾಸ್ಟಿಕ್ ತೊಟ್ಟೆ (ಸಸಿ ಚೀಲ), ಮಣ್ಣು, ಮೆಣಸಿನ ಕುಡಿ ಕೊಟ್ಟೆ. 170ರ ತನಕ ಚಿಗುರಿದವು. ತೊಟ್ಟೆಗೆ 15ರಂತೆ ಮಾರಿದ. ಆ ಮನೆಯವರು ಬೇರೆ ಎಸ್ಟೇಟಿಗೆ ಹೋದರು. ಹೋಗುವಾಗ 20 ತೊಟ್ಟೆ ಆಟೋದಲ್ಲಿ ಇಟ್ಟುಕೊಂಡೇ ಹೋದ. ಜೇನು ಆಗಬೇಕು ಎಂದಿಲ್ಲ ಎಂದು ಅಲ್ಲಿ ಗೊತ್ತಾಯಿತು. ಸಾಯಬಲ್ಲಂಥದ್ದು ಆಗಬೇಕು, ಚಿಕ್ಕದಾಗಿರಬೇಕು, ಸಂಜೆ ಯಾರಾದರೂ ಲೆಕ್ಕ ಕೇಳಬೇಕು. ಇದನ್ನು ನನ್ನ ಅವ್ವ ಚೊಂಬು ಇಟ್ಟ ದಿನವೇ ಮಾಡಿ ತೋರಿಸಿದ್ದಳು. ನನಗೆ ತಿಳಿಯಲು 30 ವರ್ಷ ಬೇಕಾಯಿತು.

ನಡುವೆ ಪುಟ್ಟಿಯೂ ನಾನೂ ಸೇರಿ ಬಿದಿರಿನ ಅಂಡೆಯಲ್ಲಿ ನಸರಿ (ಚುಚ್ಚದ ಪುಟ್ಟ ಜೇನು) ಕೂರಿಸಲು ನೋಡಿದೆವು. ಆರರಲ್ಲಿ ಎರಡು ಹಿಡಿದವು, ಜೇನು ಸಿಕ್ಕಿದ್ದು ಕಾಲು ಲೋಟ. ಪಿವಿಸಿ ಪೈಪಿನಲ್ಲೂ ಮಾಡಿದೆವು, ಬೇಸಿಗೆಗೆ ಕರಗಿಹೋಯಿತು. ಗೂಡು ಬಿಟ್ಟು ಹೊರಟ ಪಾಲು ಹಿಡಿಯುವ ಮಡಕೆಗೆ ಒಳಗೆ ಏನು ಸವರುತ್ತೇನೆ ಎಂದು ತುಂಬಾ ಜನ ಕೇಳುತ್ತಾರೆ. ಹಳೇ ಮೇಣ ಎಂಬುದು ಎಲ್ಲರಿಗೂ ಗೊತ್ತು, ಅದರ ಜೊತೆ ಹಾಕುವ ಸೊಪ್ಪು ಯಾವುದು ಎಂದು ಪುಟ್ಟಿಗೆ ಮಾತ್ರ ಹೇಳಿದ್ದೇನೆ. ಅವಳೂ ಹೇಳುವುದಿಲ್ಲ, ಕೇಳಿ ನೋಡಿ ಬೇಕಾದರೆ.

ಅಣ್ಣ ಹೋದ ಯುಗಾದಿಗೆ ಬಂದಿದ್ದ. ಅವನಿಗೆ ಪುಟ್ಟಿ ತನ್ನ ಪೆಟ್ಟಿಗೆಗಳನ್ನೆಲ್ಲ ತೋರಿಸಿದಳು. ಹಳೇ ಮುಚ್ಚಳವನ್ನೂ ತೆಗೆದು ತೋರಿಸಿದಳು. ಅಪ್ಪನ ಅಕ್ಷರದ ಕೆಳಗೆ ನನ್ನ ಅಕ್ಷರ ನೋಡಿ ಅವನು ತುಂಬಾ ಹೊತ್ತು ಸುಮ್ಮನಿದ್ದ. "ನಂಗೂ ಒಂದು ಚೊಂಬು ಕೊಟ್ಟಿದ್ರೆ ಆಗ್ತಿತ್ತು ಕಣೋ" ಎಂದ. ನಗುತ್ತಲೇ ಅಂದದ್ದು. ಅವ್ವ ಒಳಗೆ ಎದ್ದುಹೋದಳು.

ಈಗ ಪುಟ್ಟಿಗೆ 13, ಅವಳದ್ದೇ ಏಳು ಪೆಟ್ಟಿಗೆ. ತಂಗಿ ಈಗ ಅವಳ ಜೇನಿಗೆ ಬಾಟಲಿ ತೊಳೆದುಕೊಡುತ್ತಾಳೆ, ಕೂಲಿ ಬೇಡ ಎನ್ನುತ್ತಾಳೆ. ಹೋದ ತಿಂಗಳು ನನ್ನ ಒಂದು ಒಳ್ಳೆಯ ಕುಟುಂಬ ರಾಣಿ ಕಳೆದುಕೊಂಡು ಹಾಳಾಯಿತು, ಅವಳ ಹತ್ತಿರ ಪಾಲು ಮಾಡಿದ್ದು ಒಂದು ಹೆಚ್ಚಿತ್ತು. ಮಾವನಿಗೆ ಸುಮ್ನೆ ಕೊಡುತ್ತಾಳೆ ಎಂದುಕೊಂಡು ಕೇಳಿದೆ. 1,800 ಎಂದಳು. 1,500 ಕೊಟ್ಟು ಎತ್ತಿಕೊಂಡು ಬಂದೆ. ಮೊನ್ನೆ ಭಾನುವಾರ ಆ ಪೆಟ್ಟಿಗೆ ತೆರೆದರೆ ಮುಚ್ಚಳದ ಒಳಗೆ ಅವಳ ಅಕ್ಷರ: "ಎರಿ 5. ರಾಣಿ ಇದೆ. ಮಾವ 300 ಬಾಕಿ."